ಕಾಲು ಚಾಚುವ ಸುಂಕ

ಬೆಂಗಳೂರಿನಲ್ಲಿ ಯಾರಿಗಾದರೂ ‘ನಮ್ಮದು ಕೊಡಿಗೇನಹಳ್ಳಿ’ ಎಂದು ಹೇಳಿ ನೋಡಿ. ‘ಓಹೋ, ಬಳ್ಳಾರಿ ರಸ್ತೆಯ ಪಕ್ಕದ್ದೋ?’ ಎನ್ನುತ್ತಾರೆ. ಅದು ಕೊಡಿಗೇಹಳ್ಳಿ. ನಮ್ಮ ಊರಿಗೆ ನಡುವೆ ಒಂದು ‘ನ’ಕಾರ ಹೆಚ್ಚು, ದಾರಿಯೂ ನೂರು ಕಿಲೋಮೀಟರಿನ ಆಸುಪಾಸು ಹೆಚ್ಚು. ಮಧುಗಿರಿ ತಾಲ್ಲೂಕಿನ ಒಂದು ಹೋಬಳಿಯ ಊರು ಇದು. ಇನ್ನೊಂದಿಷ್ಟು ಮುಂದೆ ಹೋದರೆ ಆಂಧ್ರ. ವ್ಯಾಪಾರಕ್ಕೆ ಹಿಂದೂಪುರ, ಕಚೇರಿಗೆ ಮಧುಗಿರಿ, ಅದಕ್ಕಿಂತ ದೊಡ್ಡ ಕಚೇರಿಗೆ ತುಮಕೂರು, ಮಿಕ್ಕೆಲ್ಲದಕ್ಕೂ ಬೆಂಗಳೂರು. ಹೀಗೆ ಯಾವ ಕೆಲಸಕ್ಕೂ ಬಸ್ಸು ಹತ್ತಲೇಬೇಕಾದ ಜನ ನಾವು. ಜಯಮಂಗಲಿ ನಮ್ಮ ನದಿ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳ ಸೀಮೆಯನ್ನು ಹಾದು, ಉತ್ತರ ಪಿನಾಕಿನಿಯನ್ನು ಸೇರುವ ಈ ನದಿ ವರ್ಷದ ಬಹುಭಾಗ ಮರಳಿನ ಮೇಲೆಯೇ ಕಾಲು ಚಾಚಿ ಮಲಗಿರುತ್ತದೆ. ಅದನ್ನು ಕೇಳುವವರಿಲ್ಲ, ಅದಕ್ಕೆ ಸುಂಕವೂ ಇಲ್ಲ.

ಶಾಸನಗಳನ್ನು ಓದಿದ ಅಭ್ಯಾಸವುಳ್ಳವರಿಗೆ ನಮ್ಮೂರಿನ ಹೆಸರು ಕಿವಿಗೆ ಬಿದ್ದೊಡನೆ ‘ಕೊಡಗೆ’ ಎಂಬ ಹಳೆಯ ಶಬ್ದ ನೆನಪಾಗುತ್ತದೆ. ಕೆರೆಯನ್ನು ಕಟ್ಟಿಸಿದವನಿಗೆ ಕಟ್ಟುಗೊಡಗೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ. ಭೂಮಿಯನ್ನು ಮಾನ್ಯವಾಗಿ ಬಿಟ್ಟುಕೊಡುತ್ತಿದ್ದ ಕಾಲದ ಮಾತು ಅದು. ಇಂದು ನಾನು ಬರೆಯಹೊರಟಿರುವುದು ಒಂದು ಅಂಗುಲದಷ್ಟು ಜಾಗವನ್ನೂ ಮಾನ್ಯ ಬಿಡದ ಒಂದು ಸೀಮೆಯ ವಿಷಯ. ವಿಮಾನದೊಳಗಿನ ಆಸನಗಳ ವಿಷಯ. ಮುಂಗಾಲು ಚಾಚಲು ಹೆಚ್ಚು ಜಾಗವಿರುವ ಸೀಟು ಬೇಕಾದರೆ ಹೆಚ್ಚು ಹಣ ಕೊಡಿ ಎಂದು ವಿಮಾನದವರು ಕೇಳುತ್ತಾರಷ್ಟೆ. ಕೊಡುವುದು ಲೇಸೋ, ಬಿಡುವುದು ಲೇಸೋ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು, ನಿಜ. ಹಾಸಿಗೆಯನ್ನೇ ಕತ್ತರಿಸಿ, ಕತ್ತರಿಸಿದ ತುಂಡನ್ನು ಮತ್ತೆ ನಮಗೇ ಮಾರುವ ಕಾಲ ಬಂದೀತೆಂದು ಅವರು ಎಣಿಸಿರಲಿಲ್ಲ.

ವಿಮಾನಕ್ಕೆ ಮೊದಲು ಬಸ್ಸಿನ ಮಾತು ಆಗಬೇಕು. ಕಾಲಿನ ಜಾಗದ ವಿಚಾರದಲ್ಲಿ ನಮ್ಮೂರಿನವರಿಗೆ ವಿದ್ಯಾಭ್ಯಾಸವಾದದ್ದೇ ಅಲ್ಲಿ. ಕೆಂಪು ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಒಂದುಂಟು. ಅಲ್ಲಿ ಕುಳಿತವನ ಮಂಡಿ ಗದ್ದಕ್ಕೆ ತಾಗುತ್ತದೆ. ಕಡೆಯ ಸಾಲಿನಲ್ಲಿ ಕಾಲಿಗೆ ಜಾಗ ಧಾರಾಳ, ಆದರೆ ಹಳ್ಳಕ್ಕೊಮ್ಮೆ ತಲೆ ಮಾಡಿಗೆ ಬಡಿಯುವ ಭಯ. ಬಾಗಿಲ ಹತ್ತಿರದ ಸೀಟು ಸರ್ವೋತ್ತಮ. ಆದರೆ ಮುಂದಿನ ನಿಲ್ದಾಣದಲ್ಲಿ ಹತ್ತುವ ಕುಕ್ಕೆ, ಕೋಳಿ, ಗೊಬ್ಬರದ ಚೀಲ ಎಲ್ಲವೂ ಅಲ್ಲಿಗೇ ಬರುತ್ತವೆ. ಇಷ್ಟನ್ನೂ ಕ್ಷಣಮಾತ್ರದಲ್ಲಿ ಯೋಚಿಸಿ, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲು ಹಾಕಿ ಸೀಟು ಹಿಡಿಯುವುದು ನಮ್ಮವರ ಪರಂಪರಾಗತ ವಿದ್ಯೆ. ಆಸನ ಕಾಯ್ದಿರಿಸುವ ವ್ಯವಸ್ಥೆಗಳಲ್ಲೆಲ್ಲ ಇದರಷ್ಟು ಅಗ್ಗವಾದುದು ಮತ್ತೊಂದಿಲ್ಲ. ಟವೆಲ್ಲಿಗೆ ಇಷ್ಟು ಗೌರವ ಸಲ್ಲುವ ದೇಶವೂ ಬೇರೆ ಇರಲಾರದು!

1948ರಲ್ಲಿ ಮೈಸೂರು ಸರ್ಕಾರ ಬಸ್ಸು ಓಡಿಸಲು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಈಗ ಆ ನಿಗಮದಲ್ಲಿಯೂ ಕಾಲಿನ ಜಾಗಕ್ಕೆ ತಕ್ಕಂತೆ ಪದವಿಗಳುಂಟು. ಸುಮ್ಮನೆ ಕುಳಿತರೆ ‘ಕರ್ನಾಟಕ ಸಾರಿಗೆ’, ಸ್ವಲ್ಪ ಒರಗಿದರೆ ‘ರಾಜಹಂಸ’, ಚೆನ್ನಾಗಿ ಒರಗಿದರೆ ‘ಐರಾವತ’, ಮಲಗಿಯೇಬಿಟ್ಟರೆ ‘ಅಂಬಾರಿ’. ಆನೆಯ ಮೇಲೆ ಅಂಬಾರಿ ಎಂಬ ಕ್ರಮವನ್ನು ಪಾಲಿಸಿದ್ದಾರೆ. ಹೆಸರಿಟ್ಟವರಿಗೆ ಸಾಹಿತ್ಯದ ರುಚಿ ಇದ್ದಿರಬೇಕು. ಆದರೆ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಗೆ ಹಣವಿಲ್ಲ. ರಾಜಹಂಸ ಐರಾವತಗಳಲ್ಲಿ ಪೂರ್ತಿ ಹಣ. ಅಂದರೆ ಕಾಲು ಚಾಚಿ ಹೋಗಬೇಕೆನ್ನುವ ಹೆಂಗಸಿಗೆ ಆ ಸುಖದ ಬೆಲೆ ಟಿಕೇಟಿನ ಅರ್ಧವಲ್ಲ, ಕಾಲುಭಾಗವಲ್ಲ, ಇಡೀ ಟಿಕೇಟು. ನಮ್ಮೂರಿನ ಹೆಂಗಸರು ಏನು ತೀರ್ಮಾನಿಸಿದ್ದಾರೆಂಬುದನ್ನು ಸೋಮವಾರ ಬೆಳಿಗ್ಗೆ ಯಾವ ಕೆಂಪು ಬಸ್ಸನ್ನು ನೋಡಿದರೂ ತಿಳಿಯಬಹುದು. ಮಂಡಿ ನೋವು ಸಹಿಸಬಹುದು, ದಂಡ ಸಹಿಸಲಾಗದು ಎಂಬುದು ಅವರ ಅರ್ಥಶಾಸ್ತ್ರ.

ಈ ಅರ್ಥಶಾಸ್ತ್ರವನ್ನು ಕಟ್ಟಿಕೊಂಡೇ ಅವರು ಈಗ ವಿಮಾನ ಹತ್ತುತ್ತಿದ್ದಾರೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಬಂದಮೇಲೆ ಒಂದು ವಿನೋದವಾಗಿದೆ. ಗೌರಿಬಿದನೂರು, ದೊಡ್ಡಬಳ್ಳಾಪುರಗಳ ದಾರಿಯಲ್ಲಿ ಹೋದರೆ ನಮಗೆ ಮೆಜೆಸ್ಟಿಕ್ಕಿಗಿಂತ ವಿಮಾನ ನಿಲ್ದಾಣವೇ ಹತ್ತಿರ! ಎಂಜಿನಿಯರಿಂಗ್ ಓದಿದ ಮಕ್ಕಳು ಕಡಲಾಚೆ ನೆಲಸಿದ್ದಾರೆ. ಅವರಿಗೆ ಮಕ್ಕಳಾಗುತ್ತವೆ. ಬಾಣಂತನಕ್ಕೆ ತಾಯಂದಿರು ಬೇಕು. ರಾಗಿಹಿಟ್ಟು, ಹುಣಸೆಹಣ್ಣು, ಒಣಶುಂಠಿ, ಬಜೆ ಎಲ್ಲವನ್ನೂ ಗಂಟು ಕಟ್ಟಿಕೊಂಡು, ಹಿಂದೂಪುರದಾಚೆಗೆ ಹೆಜ್ಜೆಯಿಡದ ತಾಯಂದಿರು ಹದಿನಾಲ್ಕು ಸಾವಿರ ಕಿಲೋಮೀಟರು ದೂರಕ್ಕೆ ಹೊರಡುತ್ತಾರೆ.

ಇನ್ನು ವಿಮಾನದ ಅಳತೆಗೆ ಬರೋಣ. ಒಂದು ಆಸನದ ಬೆನ್ನಿನಿಂದ ಅದರ ಮುಂದಿನ ಆಸನದ ಬೆನ್ನಿನವರೆಗಿನ ಅಂತರವನ್ನು ಅಂಗುಲಗಳಲ್ಲಿ ಹೇಳುವುದು ರೂಢಿ. ನಮ್ಮ ದೇಶದೊಳಗಿನ ಅಗ್ಗದ ವಿಮಾನಗಳಲ್ಲಿ ಇದು ಸುಮಾರು 30 ಅಂಗುಲ; ಹೊರದೇಶದ ಕೆಲವು ವಿಮಾನಗಳಲ್ಲಿ 28ಕ್ಕೂ ಇಳಿದಿದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಮೂರು ಗೇಣು, ಮೂರು ಅಂಗುಲ. ಇದರಲ್ಲಿಯೇ ಆಸನದ ಬೆನ್ನಿನ ದಪ್ಪವೂ ಕಳೆಯಬೇಕು. ಅರ್ಧ ಶತಮಾನದ ಹಿಂದೆ ಇದೇ ದರ್ಜೆಯಲ್ಲಿ 34, 35 ಅಂಗುಲ ಇರುತ್ತಿತ್ತು. ಆ ನಾಲ್ಕೈದು ಅಂಗುಲ ಎಲ್ಲಿ ಹೋಯಿತು?

ಹೊಲದ ಬದುವನ್ನು ಒತ್ತುವ ರೈತನನ್ನು ಬಲ್ಲವರಿಗೆ ಇದರ ಉತ್ತರ ಕಷ್ಟವಲ್ಲ. ಪ್ರತಿವರ್ಷ ಉಳುವಾಗ ಪಕ್ಕದವನ ಬದುವಿಗೆ ನೇಗಿಲನ್ನು ಒಂದು ಅಂಗುಲ ಹೆಚ್ಚು ತಾಗಿಸುತ್ತಾನೆ, ನೋಡಿದವರಿಗೆ ತಿಳಿಯುವುದಿಲ್ಲ, ಹತ್ತು ವರ್ಷದಲ್ಲಿ ಒಂದು ಸಾಲು ಕಡಲೆಕಾಯಿ ಹೆಚ್ಚು ಬೆಳೆಯುತ್ತಾನೆ. ವಿಮಾನದಲ್ಲಿಯೂ ಅದೇ. ಮೂವತ್ತು ಸಾಲುಗಳ ವಿಮಾನದಲ್ಲಿ ಸಾಲಿಗೊಂದು ಅಂಗುಲ ಒತ್ತಿದರೆ ಮೂವತ್ತು ಅಂಗುಲ ಉಳಿಯಿತು. ಅಲ್ಲಿಗೆ ಹೊಸದೊಂದು ಸಾಲು. ಸಾಲಿಗೆ ಆರು ಸೀಟು. ಹಾರಿದಷ್ಟು ಸಲವೂ ಆರು ಟಿಕೇಟಿನ ಆದಾಯ. ಬದು ಒತ್ತಿದವನ ಮೇಲೆ ತಹಸೀಲ್ದಾರರಿಗೆ ಅರ್ಜಿ ಕೊಡಬಹುದು. ಇಲ್ಲಿ ಅರ್ಜಿಯ ಮಾತಿಲ್ಲ, ಏಕೆಂದರೆ ನಾವೇ ಅಗ್ಗದ ಟಿಕೇಟು ಬೇಕೆಂದು ಬೆರಳು ಒತ್ತಿದವರು.

ಇದರಲ್ಲಿ ವಿಮಾನದವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿ, ಒಂದು ರೂಪಾಯಿಯ ಟಿಕೇಟನ್ನೂ ಮಾರಿ, ತಿಂಡಿ ಬೇಕಾದವರು ಹಣ ಕೊಟ್ಟು ಕೊಳ್ಳಿ ಎಂದಾಗ ನಾವು ಸಂತೋಷದಿಂದ ಚಪ್ಪಾಳೆ ತಟ್ಟಿದೆವು. ಬಡವರೂ ಹಾರಬೇಕೆಂಬ ಆ ಹಂಬಲ ಸುಳ್ಳಾಗಿರಲಿಲ್ಲ. ಆದರೆ ತಿಂಡಿಯನ್ನು ಟಿಕೇಟಿನಿಂದ ಬಿಡಿಸಿದ ಕೈಯೇ ಮುಂದೆ ಪೆಟ್ಟಿಗೆಯನ್ನು ಬಿಡಿಸಿತು, ಕಿಟಕಿಯನ್ನು ಬಿಡಿಸಿತು, ಕಾಲನ್ನೂ ಬಿಡಿಸಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2021ರ ಫೆಬ್ರವರಿಯಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಬಿಡಿಬಿಡಿಯಾಗಿ ದರ ಕೇಳಬಹುದಾದ ಸೇವೆಗಳಲ್ಲಿ ಇಷ್ಟದ ಆಸನವೂ ಒಂದು, ವಾದ್ಯವನ್ನು ಒಯ್ಯುವುದೂ ಒಂದು. ಒಂದು ಒಳ್ಳೆಯ ಮಾತನ್ನೂ ಹೇಳಿಬಿಡಬೇಕು: 2024ರ ಏಪ್ರಿಲ್‌ನಲ್ಲಿ ಅದೇ ಕಚೇರಿ, ಹನ್ನೆರಡು ವರ್ಷದವರೆಗಿನ ಮಕ್ಕಳನ್ನು ಜೊತೆಯ ತಂದೆಯ ಅಥವಾ ತಾಯಿಯ ಪಕ್ಕದಲ್ಲಿಯೇ ಕೂರಿಸಬೇಕೆಂದು ವಿಧಿಸಿತು. ಅಮ್ಮನ ಪಕ್ಕದ ಸೀಟಿಗೆ ಬೆಲೆ ಕಟ್ಟಬಾರದೆಂದು ಹೇಳಲು ಒಂದು ಆಜ್ಞೆಯೇ ಬೇಕಾಯಿತು!

ನಮ್ಮ ಸೋದರತ್ತೆ 2023ರ ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೊರಟರು. ಅರವತ್ತೇಳರ ವಯಸ್ಸು, ಎರಡೂ ಮಂಡಿಗಳಲ್ಲಿ ಸವೆತ, ಎತ್ತರ ಐದಡಿಗೆ ಒಂದಂಗುಲ ಕಡಮೆ. ಗಂಡ ತೀರಿಕೊಂಡ ಮೇಲೆ ಎಂಟು ಹುಣಸೆಮರ, ಒಂದಿಷ್ಟು ಒಣಭೂಮಿ ಇವುಗಳಿಂದಲೇ ಮಗಳನ್ನು ಓದಿಸಿದವರು. ಅಳಿಯ ಫೋನಿನಲ್ಲಿ, ಕಾಲು ಚಾಚುವ ಸೀಟನ್ನೇ ತೆಗೆಯುತ್ತೇನೆ, ಸ್ವಲ್ಪ ಹೆಚ್ಚು ಹಣವಾಗುತ್ತದೆ ಅಷ್ಟೆ ಎಂದನು. ಅತ್ತೆ ನನ್ನ ಕಡೆ ತಿರುಗಿ ಕೇಳಿದರು:

“ಏನೋ ಇದು? ನನಗೊಂದು ಟಿಕೇಟು, ನನ್ನ ಕಾಲಿಗೊಂದು ಟಿಕೇಟ?”

“ಹಾಗಲ್ಲ ಅತ್ತೆ, ಇಪ್ಪತ್ತು ಗಂಟೆ ಕೂರಬೇಕು. ಮಂಡಿ ಮಡಿಸಿಕೊಂಡು ಹೇಗೆ...”

“ಪಾವಗಡದ ಬಸ್ಸಿನಲ್ಲಿ ನಿಂತುಕೊಂಡು ಹೋಗಿಲ್ಲವೇನೋ ನಾನು? ಕೂತುಕೊಳ್ಳೋಕೆ ಜಾಗ ಕೊಡ್ತಾರಲ್ಲ, ಸಾಕು. ಆ ದುಡ್ಡಿನಲ್ಲಿ ಮಗುವಿಗೆ ಬೆಳ್ಳಿಯ ಉಡಿದಾರ ಆಗುತ್ತೆ.”

ಉಡಿದಾರದ ಮುಂದೆ ವಾದ ಮಾಡುವುದು ಯಾರಿಗೆ ಸಾಧ್ಯ? ಹಣ ಕೊಟ್ಟು ಸೀಟನ್ನು ಆರಿಸಲಿಲ್ಲವಾದ್ದರಿಂದ ಗಣಕಯಂತ್ರ ತನಗೆ ತೋಚಿದ ಸೀಟು ಕೊಟ್ಟಿತು. ಮೂರು ಸೀಟುಗಳ ಸಾಲಿನಲ್ಲಿ ನಡುವಿನದು.

ಕಾಲಿನ ಹೆಚ್ಚು ಜಾಗವೆಂದರೆ ವಿಮಾನದಲ್ಲಿ ಎರಡು ಬಗೆ ಎಂಬುದನ್ನು ಇಲ್ಲಿ ಹೇಳಬೇಕು. ಒಂದು, ತುರ್ತು ಬಾಗಿಲಿನ ಪಕ್ಕದ ಸಾಲು. ಬೆಂಕಿ ಬಿದ್ದರೆ ಜನ ಹೊರಬೀಳಲೆಂದು ಬಿಟ್ಟ ದಾರಿಯನ್ನೇ ಕಾಲಿನ ಸುಖವೆಂದು ಮಾರುತ್ತಾರೆ. ಆದರೆ ಅಲ್ಲಿ ಕುಳಿತವರು ಸಮಯ ಬಂದರೆ ಬಾಗಿಲು ತೆರೆಯಬಲ್ಲವರಾಗಿರಬೇಕು. ಆದುದರಿಂದ ಮಕ್ಕಳಿಗೆ, ಗರ್ಭಿಣಿಯರಿಗೆ, ಕೈಕಾಲಿನಲ್ಲಿ ತ್ರಾಣವಿಲ್ಲದ ವೃದ್ಧರಿಗೆ ಅಲ್ಲಿ ಪ್ರವೇಶವಿಲ್ಲ. ಮಂಡಿ ನೋವಿದ್ದವರಿಗೇ ಮಂಡಿ ಚಾಚುವ ಸೀಟು ನಿಷಿದ್ಧ! ನಿಯಮ ನ್ಯಾಯವಾದುದೇ, ವಿಧಿಯ ವಿನೋದ ಮಾತ್ರ ಕಠೋರ. ಇನ್ನೊಂದು, ಗೋಡೆಯನ್ನು ಎದುರಿಟ್ಟುಕೊಂಡ ಮೊದಲ ಸಾಲು. ಇಲ್ಲಿ ಮುಂದೆ ಯಾರೂ ಒರಗುವವರಿಲ್ಲ. ಆದರೆ ಮುಂದೆ ಸೀಟಿಲ್ಲದ ಕಾರಣ ಕೈಚೀಲ ಇಡುವ ಜಾಗವೂ ಇಲ್ಲ. ಏರುವಾಗ ಇಳಿಯುವಾಗ ಚೀಲ ಮೇಲಿನ ಗೂಡಿಗೆ ಹೋಗಲೇಬೇಕು. ಊಟದ ಹಲಗೆಯನ್ನು ತೋಳಿನ ಪಕ್ಕದಲ್ಲಿ ಮಡಿಸಿಟ್ಟಿರುವುದರಿಂದ ಆ ತೋಳನ್ನು ಮೇಲಕ್ಕೆತ್ತಲಾಗುವುದಿಲ್ಲ, ಕೂರುವ ಅಗಲವೂ ತುಸು ಕಡಮೆ. ದೂರದ ವಿಮಾನಗಳಲ್ಲಿ ಹಸುಗೂಸುಗಳ ತೊಟ್ಟಿಲನ್ನು ಆ ಗೋಡೆಗೇ ತಗುಲಿಸುವರು. ಮೂರು ಗೇಣಿಗೆ ಬದಲು ನಾಲ್ಕು ಗೇಣು ಕೊಂಡವರು ಇವನ್ನೂ ಜೊತೆಗೆ ಕೊಂಡಂತೆ.

ವೈದ್ಯರು ಏನೆನ್ನುತ್ತಾರೆ? ನಮ್ಮ ಮೀನಖಂಡವಿದೆಯಲ್ಲ, ಅದು ಕಾಲಿನ ಬಾವಿಗೆ ಹಾಕಿದ ಏತವಿದ್ದಂತೆ. ನಡೆದಾಗ ಆ ಮಾಂಸಖಂಡ ಹಿಂಡಿ, ಕೆಳಗಿನ ರಕ್ತವನ್ನು ಮೇಲಕ್ಕೆ ನೂಕುತ್ತದೆ. ಗಂಟೆಗಟ್ಟಲೆ ಅಲುಗದೆ ಕುಳಿತರೆ ಏತ ನಿಂತಿತು, ಪಾದ ಊದುತ್ತದೆ, ಅಪರೂಪಕ್ಕೆ ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಪುಪ್ಪುಸಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾಗುತ್ತದೆ. ಇದು ವಿಮಾನದಿಂದ ಹುಟ್ಟಿದ ರೋಗವೆಂದು ತಿಳಿಯಬೇಡಿ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ನೆಲಮಾಳಿಗೆಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ರಾತ್ರಿಯಿಡೀ ಕುಳಿತವರಲ್ಲಿ ಇಂತಹ ಸಾವುಗಳು ಹೆಚ್ಚಿದುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಗುರುತಿಸಿದರು. ಕುರ್ಚಿಯ ಮುಂದಂಚಿನ ಕಟ್ಟಿಗೆ ತೊಡೆಯ ಅಡಿಗೆ ಒತ್ತುತ್ತಿತ್ತು. ಬಾಂಬಿನಿಂದ ತಪ್ಪಿಸಿಕೊಂಡವರನ್ನು ಕುರ್ಚಿ ಕೊಂದಿತು.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕುಳಿತು ಪಯಣಿಸಿದರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಇಮ್ಮಡಿ ಎಂದು ಹೆದರಬೇಡಿ. ಆರೋಗ್ಯವಂತರಲ್ಲಿ ಅದು ಆರು ಸಾವಿರ ಮಂದಿಗೆ ಒಬ್ಬರಂತೆ. ಬಸ್ಸು, ರೈಲು, ಕಾರುಗಳಿಗೂ ಈ ಮಾತು ಅನ್ವಯ. ಇನ್ನು ಎತ್ತರದವರಿಗೆ ಅಪಾಯ ಹೆಚ್ಚೆಂಬುದನ್ನು ಯಾರಾದರೂ ಊಹಿಸಬಹುದು. ಆದರೆ ಬಹಳ ಗಿಡ್ಡಗಿರುವವರಿಗೂ ಹೆಚ್ಚೆಂದು ಆ ಅಧ್ಯಯನ ಹೇಳಿತು. ಕಾರಣ ಊಹಿಸುವುದು ಕಷ್ಟವಲ್ಲ. ಕಾಲು ನೆಲಕ್ಕೆ ಎಟುಕದಿದ್ದರೆ ಆಸನದ ಅಂಚು ತೊಡೆಯನ್ನು ಒತ್ತುತ್ತದೆ, ಲಂಡನ್ನಿನ ಕುರ್ಚಿಯಂತೆಯೇ. ಅವರಿಗೆ ಬೇಕಾದುದು ಮುಂದಕ್ಕೆ ಜಾಗವಲ್ಲ, ಕಾಲಡಿಗೆ ಒಂದು ಮಣೆ. ಅಡ್ಡ ಮಲಗಿಸಿದ ಕೈಚೀಲವೇ ಆ ಮಣೆಯಾದೀತು. ಅಮೆರಿಕದ ಎದೆರೋಗ ತಜ್ಞರ ಸಂಘವೊಂದು 2012ರಲ್ಲಿ ಇನ್ನೊಂದು ಮಾತು ಹೇಳಿತು: ಅಗ್ಗದ ದರ್ಜೆಯ ಆಸನವೇ ರೋಗಕ್ಕೆ ಕಾರಣವೆನ್ನಲು ಆಧಾರ ಸಾಲದು, ಕಿಟಕಿಯ ಪಕ್ಕ ಕುಳಿತು ಏಳದೆ ಇರುವುದು ಕಾರಣವಾಗಬಹುದು. ಅಂದರೆ ಕಾಲು ಚಾಚುವುದಕ್ಕಿಂತ ಕಾಲ ಮೇಲೆ ಏಳುವುದು ಮುಖ್ಯ. ಹಣದ ದೃಷ್ಟಿಯಿಂದಲೂ ಇದು ಒಳ್ಳೆಯ ಸುದ್ದಿ. ಓಡಾಡುವ ದಾರಿಯ ಪಕ್ಕದ ಸೀಟಿಗೆ ಕೆಲವೊಮ್ಮೆ ಬೆಲೆಯೇ ಇರುವುದಿಲ್ಲ; ಇದ್ದರೂ ಕಾಲಿನ ಸೀಟಿಗಿಂತ ಬಹಳ ಕಡಮೆ.

ಹಾಗಾದರೆ ಕೊಡಬೇಕೆ, ಬಿಡಬೇಕೆ? ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ದರ್ಜಿಯ ಟೇಪು ತನ್ನಿ. ನೆಲದ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ, ಬೆನ್ನನ್ನು ಪೂರ್ತಿ ಒರಗಿಸಿ ಕುಳಿತು, ಬೆನ್ನಿನಿಂದ ಮಂಡಿಚಿಪ್ಪಿನವರೆಗೆ ಅಳೆಯಿರಿ. ಇಪ್ಪತ್ತೈದು ಅಂಗುಲಕ್ಕೆ ಮೀರಿದರೆ, ಎರಡು ಗಂಟೆ ಮೀರಿದ ಪಯಣಕ್ಕೆ ಹಣ ಕೊಟ್ಟುಬಿಡಿ, ಮರುಮಾತಿಲ್ಲದೆ. ಇಪ್ಪತ್ತಮೂರಕ್ಕೆ ಒಳಗಿದ್ದರೆ ಆ ಹಣ ನಿಮ್ಮ ಮಂಡಿಗಲ್ಲ, ನಿಮ್ಮ ಪ್ರತಿಷ್ಠೆಗೆ ಸಲ್ಲುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದು ಗಂಟೆ ಹಾರುವವರು ಕಾಲಿನ ಸೀಟು ಕೊಳ್ಳುವುದನ್ನು ನಾನು ಕಂಡಿದ್ದೇನೆ. ಸೀಟಿನ ಪಟ್ಟಿ ಬಿಗಿಯುವಷ್ಟರಲ್ಲಿ ಬಿಚ್ಚುವ ವೇಳೆ ಬಂದಿರುತ್ತದೆ. ಅವರು ಆ ಹಣದಲ್ಲಿ ಮನೆಗೆ ಧಾರವಾಡದ ಪೇಡೆ ಒಯ್ಯಲಿ. ಮಂಡಿ ಸವೆದವರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಮೊದಲೊಮ್ಮೆ ರಕ್ತ ಹೆಪ್ಪುಗಟ್ಟಿದ್ದವರು, ರಾತ್ರಿಯಿಡೀ ಹಾರಬೇಕಾದವರು, ಇವರಿಗೆ ಲೆಕ್ಕ ಬೇರೆ. ಅವರು ವೈದ್ಯರನ್ನು ಕೇಳಿ, ಆಮೇಲೆ ಸೀಟನ್ನು ನೋಡಲಿ.

ಈ ಅಳತೆಯ ವಿದ್ಯೆಯನ್ನು ಒಂದು ಭಾನುವಾರ ನಮ್ಮ ಮನೆಯ ಮಕ್ಕಳ ಮೇಲೆ ಪ್ರಯೋಗಿಸಿ, ಅನಂತರ ಅವರನ್ನು ಮೈದನಹಳ್ಳಿಯ ಕಡೆ ಕರೆದೊಯ್ದಿದ್ದೆ. ಕೃಷ್ಣಮೃಗಗಳಿಗಾಗಿ 2007ರಲ್ಲಿ ಘೋಷಿಸಿದ ಮೀಸಲು ಪ್ರದೇಶ ಅಲ್ಲಿದೆ, ಸುಮಾರು ಎಂಟುನೂರು ಎಕರೆ ಹುಲ್ಲುಗಾವಲು. ಒಂದು ಗಂಡುಮೃಗ ನಮ್ಮನ್ನು ಕಂಡು ನಾಲ್ಕು ಕಾಲನ್ನೂ ಒಟ್ಟಿಗೆ ನೆಲದಿಂದೆತ್ತಿ ಹಾರಿತು. ‘ಇದಕ್ಕೆ ಎಷ್ಟು ಅಂಗುಲ?’ ಎಂದು ಚಿಕ್ಕವನು ಟೇಪು ಹಿಡಿದುಕೊಂಡೇ ಕೇಳಿದ.

ಅತ್ತೆಯ ಕಥೆ ಉಳಿದಿದೆ. ನಡುವಿನ ಸೀಟಿನಲ್ಲಿ ಅವರ ಎಡಕ್ಕೊಬ್ಬ, ಬಲಕ್ಕೊಬ್ಬ ಅಪರಿಚಿತ ಗಂಡಸರು. ಇಬ್ಬರೂ ನಿದ್ದೆ ಹೋದರು. ಅವರನ್ನು ಎಬ್ಬಿಸಲು ಇವರಿಗೆ ಸಂಕೋಚ. ಏಳುವುದು ಬೇಡವೆಂದು ನೀರನ್ನೇ ಕುಡಿಯಲಿಲ್ಲ. ನೀರು ಕುಡಿಯದೆ, ಏಳದೆ, ನೆಲಕ್ಕೆ ಎಟುಕದ ಕಾಲುಗಳನ್ನು ತೂಗುಬಿಟ್ಟುಕೊಂಡು ಅವರು ಅರ್ಧ ಭೂಮಂಡಲವನ್ನು ದಾಟಿದರು. ಇಳಿಯುವಾಗ ಚಪ್ಪಲಿ ಪಾದಕ್ಕೆ ಹಿಡಿಸಲಿಲ್ಲ. ಒಂದು ಮೀನಖಂಡ ಕೆಂಪಾಗಿ ಬಿಗಿದಿತ್ತು. ಮಗಳು ಮನೆಗೂ ಕರೆದೊಯ್ಯದೆ ನೇರವಾಗಿ ಆಸ್ಪತ್ರೆಗೆ ಒಯ್ದಳು. ತುಂಬು ಗರ್ಭಿಣಿ ತಾಯಿಯ ಚಕ್ರಕುರ್ಚಿಯನ್ನು ತಳ್ಳಿಕೊಂಡು ಹೋದುದನ್ನು ನೆನೆದರೆ ಇಂದಿಗೂ ಅತ್ತೆಯ ಕಣ್ಣು ತುಂಬುತ್ತದೆ. ಪರೀಕ್ಷೆಯಲ್ಲಿ ಹೆಪ್ಪು ಕಾಣಲಿಲ್ಲ, ಬರಿಯ ಊತವೆಂದರು. ಆದರೂ ನಾಲ್ಕು ದಿನ ಕಾಲನ್ನು ದಿಂಬಿನ ಮೇಲಿಟ್ಟು ಮಲಗಬೇಕಾಯಿತು. ಬಾಣಂತನ ಮಾಡಲು ಹೋದವರಿಗೇ ಮೊದಲ ಬಾಣಂತನವಾಯಿತು.

ಐದು ತಿಂಗಳು ಕಳೆದು ಹಿಂದಿರುಗುವಾಗ ಮಗಳು ತಾಯಿಯನ್ನು ಕೇಳದೆಯೇ ಮೊದಲ ಸಾಲಿನ ಸೀಟು ಕೊಂಡಳು, ಓಡಾಡುವ ದಾರಿಯ ಪಕ್ಕದ್ದು. ಅತ್ತೆ ಗಂಟೆಗೊಮ್ಮೆ ಎದ್ದು ಹಿಂದಿನ ಅಡುಗೆಕೋಣೆಯವರೆಗೆ ನಡೆದು, ಗಗನಸಖಿಯರ ಕೈಲಿ ನೀರು ಪಡೆದು ಕುಡಿದು, ಬಂದು ಮಂಡಿ ಚಾಚಿ ಕೂತರಂತೆ. ಬೇಕೆನಿಸಿದ ಮಾತ್ರೆಗಳ ಚೀಲ ಮೇಲಿನ ಗೂಡು ಸೇರಿದ್ದಷ್ಟೇ ತಕರಾರು. ಆ ಸುಖದಲ್ಲಿ ಹೆಚ್ಚಿನ ಪಾಲು ದಾರಿಯ ಪಕ್ಕದ್ದು, ಕಡಮೆ ಪಾಲು ಕಾಲಿನ ಜಾಗದ್ದು ಎಂದು ನಾನು ದೇವನಹಳ್ಳಿಯಿಂದ ಬರುವ ಕಾರಿನಲ್ಲಿ ವಿವರಿಸಹೊರಟೆ. ಅತ್ತೆ ಅದಕ್ಕೆ ಕಿವಿಗೊಡಲಿಲ್ಲ. ಗೌರಿಬಿದನೂರು ದಾಟಿದ ಮೇಲೆ, ಆ ಸೀಟಿಗೆ ಎಷ್ಟಾಯಿತೆಂದು ಕೇಳಿದರು. ಮಗಳು ಹೇಳಬೇಡವೆಂದು ನನಗೆ ತಾಕೀತು ಮಾಡಿದ್ದಳು; ಆದರೂ ಹೇಳಿದೆ. ಡಾಲರನ್ನು ರೂಪಾಯಿಗೆ, ರೂಪಾಯಿಯನ್ನು ಹುಣಸೆಹಣ್ಣಿನ ಮಣಕ್ಕೆ ಬೆರಳೆಣಿಸಿ ಪರಿವರ್ತಿಸಿದರು. ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತು, ಕೊನೆಗೆ, “ಹೋಗುವಾಗಲೇ ತೆಗೆಸಿದ್ದರೆ ಆಗುತ್ತಿತ್ತು ಕಣೋ” ಎಂದರು.